ಶಿಳ್ಳೆ ಮೊದಲು, ಸಂಭಾಷಣೆ ಆಮೇಲೆ: ಹೈದರಾಬಾದಿನ ಕಾಲಯಾನಾಭಿಮಾನಿಗಳ ಕುರಿತು ಒಂದು ಮಹಾಪ್ರಬಂಧದ ಸಂಗ್ರಹ

ಕಾರಣ ಮೊದಲು, ಕಾರ್ಯ ಆಮೇಲೆ ಎಂಬ ಒಂದೇ ನಂಬಿಕೆಯ ಮೇಲೆ ನಮ್ಮ ನ್ಯಾಯದರ್ಶನವೂ ನ್ಯೂಟನ್ನನ ಭೌತಶಾಸ್ತ್ರವೂ ಪೊಲೀಸ್ ಠಾಣೆಯ ಎಫ್‌ಐಆರೂ ನಿಂತಿವೆ. ಈ ಮೂರನ್ನೂ ಒಟ್ಟಿಗೇ ಉರುಳಿಸಬಲ್ಲ ಪುರಾವೆ ಹೈದರಾಬಾದಿನಲ್ಲಿ 2025ರ ಏಪ್ರಿಲ್ 4ರಿಂದ ಸಾರ್ವಜನಿಕರಿಗೆ ಟಿಕೆಟ್ ದರದಲ್ಲಿ ಲಭ್ಯವಾಯಿತು. ಅಂದು ಸಿಂಗೀತಂ ಶ್ರೀನಿವಾಸರಾವ್ ಅವರ ‘ಆದಿತ್ಯ 369’ 4ಕೆ ರೂಪದಲ್ಲಿ ಮರುಬಿಡುಗಡೆಯಾಯಿತು. ತೆರೆಯ ಮೇಲೆ ಬಾಲಕೃಷ್ಣ ಬಾಯಿ ತೆರೆಯಬೇಕು, ಅಷ್ಟರಲ್ಲಿ ಶಿಳ್ಳೆ ಬಿದ್ದಾಗಿದೆ. ಕಿರೀಟ ಇನ್ನೂ ಚೌಕಟ್ಟಿನೊಳಗೆ ಬಂದಿಲ್ಲ, ಹರಿದ ಕಾಗದದ ಚೂರುಗಳು ಬಾಲ್ಕನಿಯಿಂದ ಇಳಿಯುತ್ತಿವೆ. ಸಂಭಾಷಣೆ ಬಂದಾಗ ಅದು ಯಾರಿಗೂ ಕೇಳಿಸುವುದಿಲ್ಲ, ಕೇಳಿಸಬೇಕಾದ ಅಗತ್ಯವೂ ಇಲ್ಲ. ಪ್ರಸ್ತುತ ಸಂಶೋಧಕನು ಈ ವಿದ್ಯಮಾನಕ್ಕೆ ‘ಪೂರ್ವಶಿಳ್ಳೆ’ ಎಂದು ನಾಮಕರಣ ಮಾಡಿದ್ದಾನೆ.

ಚಿತ್ರ ನೋಡದವರಿಗೆ ಕಥಾಸಾರ. 1991ರ ಜುಲೈ 18ರಂದು ಮೊದಲು ತೆರೆಕಂಡ ಈ ಚಿತ್ರದಲ್ಲಿ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಿಂದ ಶ್ರೀಕೃಷ್ಣದೇವರಾಯನ ಕಾಲದ ವಜ್ರವೊಂದು ಕಳುವಾಗುತ್ತದೆ. ಪ್ರೊಫೆಸರ್ ರಾಮದಾಸ್ ಎಂಬುವರು ಮನೆಯಲ್ಲೇ ಒಂದು ಕಾಲಯಂತ್ರ ಕಟ್ಟಿಟ್ಟುಕೊಂಡಿರುತ್ತಾರೆ. ನಾಯಕ ಅದನ್ನು ಹತ್ತಿ 1526ಕ್ಕೆ ಹೋಗಿ ರಾಯನ ಆಸ್ಥಾನ ಕಂಡು, ಅಲ್ಲಿಂದ ನೇರ 2504ಕ್ಕೆ ಹಾರಿ, ಮಹಾಯುದ್ಧದಲ್ಲಿ ಹಾಳಾದ ಜಗತ್ತನ್ನೂ ನೋಡುತ್ತಾನೆ. ನಾಯಕನೂ ಬಾಲಕೃಷ್ಣ, ರಾಯನೂ ಬಾಲಕೃಷ್ಣ. ಇವನನ್ನು ಸೂಪರ್‌ಹೀರೋ ಎನ್ನಬಹುದೇ, ಬೆನ್ನಿಗೆ ಹೊದಿಕೆ ಇಲ್ಲವಲ್ಲ ಎಂದು ಕೇಳುವವರು ಆರ್‌ಟಿಸಿ ಕ್ರಾಸ್ ರೋಡ್ಸ್‌ನ ಥಿಯೇಟರೊಂದರಲ್ಲಿ ಗಟ್ಟಿಯಾಗಿ ಕೇಳಿ ನೋಡತಕ್ಕದ್ದು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಅವರು ಗಚ್ಚಿಬೌಲಿ, ಮಾಧಾಪುರದ ಕಡೆಯವರು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. 2021ರ ಜೂನ್‌ನಲ್ಲಿ ‘ಲೋಕಿ’ ಧಾರಾವಾಹಿ ಬುಧವಾರಕ್ಕೊಂದು ಕಂತಿನಂತೆ ಬರುತ್ತಿದ್ದಾಗ, ಕಂತು ಮುಗಿಯುವ ತನಕ ಫೋನು ಮುಟ್ಟದೆ ವ್ರತ ಹಿಡಿದವರು. ಯಾರಾದರೂ ಕಥೆ ಹೇಳಿಬಿಟ್ಟರೆ ಇವರ ಮಟ್ಟಿಗೆ ಅದು ಬ್ರಹ್ಮಹತ್ಯೆಗೆ ಸಮ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ನ ಕೊನೆಯಲ್ಲಿ ಮುದುಕನಾಗಿ ಬೆಂಚಿನ ಮೇಲೆ ಕೂತ ಕ್ಯಾಪ್ಟನ್ ಅಮೆರಿಕ ಯಾವ ದಾರಿಯಿಂದ ಅಲ್ಲಿಗೆ ಬಂದ ಎಂಬ ಪ್ರಶ್ನೆಗೆ ನಿರ್ದೇಶಕರು ಒಂದು ಉತ್ತರ ಕೊಟ್ಟರು, ಚಿತ್ರಕಥೆ ಬರೆದವರು ಇನ್ನೊಂದು ಕೊಟ್ಟರು. ಒಂದೇ ಸೂತ್ರಕ್ಕೆ ಎರಡು ಭಾಷ್ಯ ಹುಟ್ಟಿದ ಮೇಲೆ ಮಠಗಳು ಬೇರೆಯಾಗದೆ ಇರುತ್ತವೆಯೇ? ತೆಲುಗಿನಲ್ಲಿ ಥಾನೋಸನಿಗೆ ದನಿ ಕೊಟ್ಟದ್ದು ರಾಣಾ ದಗ್ಗುಬಾಟಿಯಾದ್ದರಿಂದ, ಅವನು ಬಲ್ಲಾಳದೇವನ ಯಾವ ಜನ್ಮ ಎಂಬ ಮೂರನೆಯ ಮಠಕ್ಕೂ ಹೈದರಾಬಾದಿನಲ್ಲಿ ಜಾಗವಿದೆ.

ಪೂರ್ವಪಕ್ಷಕ್ಕೆ ಸಮಾಧಾನ ಸುಲಭ. ಕಥೆ ಗೊತ್ತಾದರೆ ರುಚಿ ಕೆಡುತ್ತದೆ ಎಂಬುದು ನಿಜವಾಗಿದ್ದರೆ ಕಾಸರಗೋಡಿನ ಗದ್ದೆಯಲ್ಲಿ ರಾತ್ರಿಯಿಡೀ ಕೂತು ಅಭಿಮನ್ಯು ಕಾಳಗ ನೋಡುವವರೆಲ್ಲ ಚಕ್ರವ್ಯೂಹದಿಂದ ಹುಡುಗ ಈ ಸಲವಾದರೂ ಹೊರಬಂದಾನು ಎಂಬ ಆಸೆಯಿಂದ ಕೂತವರೆನ್ನಬೇಕಾಗುತ್ತದೆ. ಮರುಬಿಡುಗಡೆಯ ಪ್ರೇಕ್ಷಕನೂ ಇದೇ ಪರಂಪರೆಯವನು. 2022ರ ಆಗಸ್ಟ್ 9ರಂದು, ಮಹೇಶ್ ಬಾಬು ಹುಟ್ಟುಹಬ್ಬಕ್ಕೆಂದು ‘ಪೋಕಿರಿ’ಯನ್ನು ಮತ್ತೆ ಹಾಕಿದಾಗಿನಿಂದ ತೆಲುಗು ನಾಡಿಗೆ ಈ ಹುಚ್ಚು ಹಿಡಿದಿದೆ. ಒಳಗೆ ಹೋದವನಿಗೆ ಹದಿನಾರು ವರ್ಷ ಹಿಂದಿನ ತನ್ನ ಸೊಂಟದ ಸುತ್ತಳತೆಯೂ ನೆನಪಾಗುತ್ತದೆ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಕಾಲಯಾತ್ರಿಕರಿಗೆಂದೇ ಔತಣ ಇಟ್ಟು, ಅದು ಮುಗಿದ ಮೇಲೆ ಆಮಂತ್ರಣ ಹೊರಡಿಸಿದರು, ಒಬ್ಬನೂ ಬಂದಿರಲಿಲ್ಲ. ಕಾಲಯಾನ ಅಸಾಧ್ಯ ಎಂದು ಅದರಿಂದ ತೀರ್ಮಾನಿಸುವುದು ಆತುರವಾದೀತು. ಔತಣದ ಬಾಗಿಲಲ್ಲಿ ಬಾಲಯ್ಯನ ಕಟೌಟು ಇರಲಿಲ್ಲ ಎಂಬ ಅಂಶವನ್ನು ಭೌತಶಾಸ್ತ್ರಜ್ಞರು ಈವರೆಗೆ ಪರಿಶೀಲಿಸಿಯೇ ಇಲ್ಲ.

ಈಗ ಮೂಲಪ್ರಶ್ನೆ: ಕಾಲಯಾನದ ಮೋಹ ಇದೇ ಊರಿಗೆ ಯಾಕೆ? ಉತ್ತರ ನಿಜಾಮರ ಕಚೇರಿಯ ಕಡತಗಳಲ್ಲಿದೆ. ಆ ಕಡತಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಕ್ರಿಸ್ತ ಶಕದಿಂದ ಸುಮಾರು 590 ಕಳೆದರೆ ಸಿಗುವುದು. ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಸೈನ್ಯ 1948ರಲ್ಲಿತ್ತು, ಹೈದರಾಬಾದಿನ ತಹಶೀಲ್ದಾರ 1357ರಲ್ಲಿದ್ದ. ಸೊಲ್ಲಾಪುರದ ಕಡೆಯಿಂದ ಗಡಿ ದಾಟಿದ ಟ್ಯಾಂಕುಗಳು ಒಂದು ಹೆಜ್ಜೆಯಲ್ಲಿ ಆರು ಶತಮಾನ ಹಿಂದೆ ಬಂದವು ಎಂಬುದನ್ನು ಯಾವ ಸೇನಾಪದಕದ ಮೇಲೂ ಕೆತ್ತಿಲ್ಲ. ಪ್ರೊಫೆಸರ್ ರಾಮದಾಸರ ಯಂತ್ರಕ್ಕೆ ಇದೇ ಲೆಕ್ಕ ಹಾಕಿದರೆ 2504 ಎಂಬುದು ಫಸಲಿ 1914 ಆಗುತ್ತದೆ. ಮಹಾಯುದ್ಧ ಕಂಡ ಜಗತ್ತಿಗೆ 1914! ಕಾಕತಾಳೀಯ ಎನ್ನುವವರು ಅನ್ನಲಿ. 1526ರಿಂದ ಕಳೆದರೆ 936 ಬರುತ್ತದೆ, ಆದರೆ ಫಸಲಿ ಪದ್ಧತಿ ಹುಟ್ಟಿದ್ದೇ ಅಕ್ಬರನ ಕಾಲದಲ್ಲಾದ್ದರಿಂದ ಆ ಇಸವಿ ನಡೆಯುತ್ತಿದ್ದಾಗ ಅದು ಇರಲೇ ಇಲ್ಲ. ಸಂಶೋಧಕನ ಮಾರ್ಗದರ್ಶಕರು ಈ ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಮಾತ್ರ ಬರೆದಿದ್ದಾರೆ.

ಕ್ಷೇತ್ರಕಾರ್ಯಕ್ಕೆ ಸಾಲಾರ್‌ಜಂಗ್‌ಗಿಂತ ಉತ್ತಮ ಸ್ಥಳವಿಲ್ಲ, ಶುಕ್ರವಾರ ರಜೆ ಎಂಬುದೊಂದನ್ನು ಬಿಟ್ಟರೆ. ಅಲ್ಲಿನ ಸಂಗೀತ ಗಡಿಯಾರದ ಮುಂದೆ ಸಾಲಾಗಿ ಆಸನಗಳಿವೆ. ಹನ್ನೆರಡಕ್ಕೆ ಇನ್ನೂ ಹೊತ್ತಿರುವಾಗಲೇ ಅವು ಭರ್ತಿ. ಹಿಂದಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾರೆ. ಕಮ್ಮಾರನ ಪುಟ್ಟ ಗೊಂಬೆ ಸೆಕೆಂಡಿಗೊಂದರಂತೆ ಸುತ್ತಿಗೆ ಬಡಿಯುತ್ತಿರುತ್ತದೆ, ಅವನ ಕಡೆ ಯಾರೂ ನೋಡುವುದಿಲ್ಲ. ಅವನು ಪೋಷಕ ನಟ. ಗಡ್ಡದ ಗೊಂಬೆ ಬಾಗಿಲು ತೆರೆದು ಬಂದಾಗ ಮಾತ್ರ ಎಲ್ಲ ಫೋನುಗಳೂ ಒಮ್ಮೆಲೇ ಮೇಲೇಳುತ್ತವೆ. ಅದು ಹನ್ನೆರಡು ಸಲ ಗಂಟೆ ಬಾರಿಸಿ ಒಳಗೆ ಹೋಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಹನ್ನೆರಡರ ಆಟಕ್ಕೇ ಯಾಕೆ ಇಷ್ಟು ನೂಕುನುಗ್ಗಲು? ಒಂದು ಗಂಟೆಯ ಆಟದಲ್ಲಿ ಒಂದೇ ಏಟು, ಕೊಟ್ಟ ದುಡ್ಡು ಹುಟ್ಟುವುದಿಲ್ಲ. ಕಾಲವೆಂಬುದು ಎಂಟ್ರಿ ಕೊಡುವ ಹೀರೋ ಎಂಬ ತಿಳಿವಳಿಕೆ ಈ ನಗರಕ್ಕೆ ಸಿನಿಮಾದಿಂದ ಬಂದದ್ದಲ್ಲ, ಸಿನಿಮಾಕ್ಕೇ ಇಲ್ಲಿಂದ ಹೋಗಿರಬೇಕು.

ಕನ್ನಡ ಪ್ರೇಕ್ಷಕರ ವಿಷಯಕ್ಕೆ ಪ್ರತ್ಯೇಕ ಅಧ್ಯಾಯ ಬೇಕು. ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇರುವ ಕಾಚಿಗುಡದ ಸುತ್ತ ನೆಲೆಸಿದ ಈ ಪಂಥದವರು ತೆರೆಯ ಮೇಲೆ 1526 ಎಂದು ಮೂಡಿದ ಕೂಡಲೇ ನೆಟ್ಟಗೆ ಕೂರುತ್ತಾರೆ. ಕೃಷ್ಣದೇವರಾಯ ಎಂದರೆ ಇವರಿಗೆ 1970ರ ರಾಜಕುಮಾರ್. ಆ ಮುಖ ಬಾರದೆ ಬೇರೊಂದು ಬಂದಾಗ ಹುಟ್ಟುವ ಗೊಣಗನ್ನು ‘ಪಶ್ಚಾತ್‌ಗೊಣಗು’ ಎಂದು ಕರೆಯಲಾಗಿದೆ. ಮಧ್ಯಂತರದಲ್ಲಿ, ಸಮೋಸದ ಸಾಲಿನಲ್ಲಿ, ವಾದ ಶುರು. ರಾಯ ‘ಆಮುಕ್ತಮಾಲ್ಯದ’ ಬರೆದದ್ದು ತೆಲುಗಿನಲ್ಲಿ ಎಂದು ಕ್ರಾಸ್ ರೋಡ್ಸ್ ಪಂಥ. ‘ಕನ್ನಡ ರಾಜ್ಯ ರಮಾರಮಣ’ ಎಂಬ ಬಿರುದು ಯಾರದು ಎಂದು ಕಾಚಿಗುಡ ಪಂಥ. 1956ರ ‘ತೆನಾಲಿ ರಾಮಕೃಷ್ಣ’ದಲ್ಲಿ ರಾಯನ ವೇಷ ಹಾಕಿದ್ದು ಎನ್‌ಟಿಆರ್, ಅಪ್ಪನ ಕಿರೀಟ ಮಗನಿಗೆ ಬಂದಿದೆ, ನಿಮಗೇನು? ಎಂದು ಅವರು. ಆ ಚಿತ್ರ ನಿರ್ದೇಶಿಸಿದ ಬಿ.ಎಸ್. ರಂಗಾ ನಮ್ಮವರು, ‘ಅಮರಶಿಲ್ಪಿ ಜಕಣಾಚಾರಿ’ ಮಾಡಿದವರು ಎಂದು ಇವರು. ಸಮೋಸ ತಣ್ಣಗಾಗುವ ಹೊತ್ತಿಗೆ ಕಾಚಿಗುಡದ ಕೊನೆಯ ಬಾಣ: ಈ ಕಾಲಯಂತ್ರ ಓಡಿಸಿದ ಸಿಂಗೀತಂ ಅವರೇ 1982ರಲ್ಲಿ ರಾಜಕುಮಾರ್‌ಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದವರು, ಅಂದಮೇಲೆ ಯಂತ್ರದ ಅರ್ಧ ಮಾಲೀಕತ್ವ ನಮ್ಮದೇ. ಈ ವಾದದಲ್ಲಿ ಗೆದ್ದವರನ್ನು ಸಂಶೋಧಕನು ನೋಡಿಲ್ಲ, ಅಷ್ಟರಲ್ಲಿ ಬೆಲ್ ಹೊಡೆಯಿತು.

ಪಾಶ್ಚಾತ್ಯ ಶಾಸ್ತ್ರಜ್ಞರ ತಲೆ ತಿನ್ನುವ ‘ಅಜ್ಜನ ಸಮಸ್ಯೆ’ಯಲ್ಲಿ ಮೊಮ್ಮಗ ಭೂತಕಾಲಕ್ಕೆ ಹೋಗಿ ಅಜ್ಜನನ್ನು ಕೊಲ್ಲುತ್ತಾನೆ. ಹೈದರಾಬಾದಿನಲ್ಲಿ ಅಜ್ಜನೇ ಮೊಮ್ಮಗನ ಕೈಹಿಡಿದು ಭೂತಕಾಲಕ್ಕೆ ಕರೆತರುತ್ತಾನೆ. ಕೊಲ್ಲುವ ಮಾತಿಲ್ಲ, ಪಾಪ್‌ಕಾರ್ನ್ ದುಡ್ಡೂ ಅಜ್ಜನದೇ. ಕಲಬುರಗಿ ಮೂಲದ ಅಂಥ ಒಂದು ಜೋಡಿ ಸಂಶೋಧಕನ ಹಿಂದಿನ ಸಾಲಿನಲ್ಲಿತ್ತು.

“ಮುತ್ಯಾ, ಗ್ರಾಫಿಕ್ಸ್ ಭಾಳ ಹಳೀದದ. ಇದರಾಗ ಕುಂತು ಅಷ್ಟು ದೂರ ಹ್ಯಾಂಗ ಹೋಗ್ತಾರ?”

“ಮಶೀನ್ ಯಾಕ ಬೇಕೋ ತಮ್ಮಾ? ನಾ ಹುಟ್ಟಿದ್ದು ನಿಜಾಮನ ರಾಜ್ಯದಾಗ. ಸಾಲಿಗಿ ಹೋಗಿದ್ದು ಹೈದ್ರಾಬಾದ್ ರಾಜ್ಯದಾಗ. ನೌಕರಿ ಸಿಕ್ಕಿದ್ದು ಮೈಸೂರು ರಾಜ್ಯದಾಗ. ನಿಮ್ಮಪ್ಪ ಹುಟ್ಟಿದ್ದು ಕರ್ನಾಟಕದಾಗ. ಮನಿ ಮಾತ್ರ ಅದೇ ಮನಿ, ಒಂದು ಇಟ್ಟಂಗಿ ಅಲುಗಿಲ್ಲ.”

1948, 1956, 1973: ಇಸವಿಗಳು ಸರಿಯಾಗಿವೆಯೆಂದು ತಾಳೆ ನೋಡಲಾಗಿದೆ. ಆಮೇಲೆ 2014ರಲ್ಲಿ ಆ ಊರಿನ ಹೆಸರು ಗುಲ್ಬರ್ಗ ಹೋಗಿ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಮುದುಕರು ಇವೆರಡನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಉಳಿದದ್ದು ಮುಂದಿನ ಭಾಗದ ವಿಚಾರ. ‘ಆದಿತ್ಯ 999’ ಎಂಬ ಹೆಸರಿನಲ್ಲಿ ಅದು ಬರುತ್ತದೆಂದು ವರ್ಷಗಳಿಂದ ಮಾತಿದೆ, ಬಾಲಕೃಷ್ಣರೂ ಹೇಳಿದ್ದಾರೆ. ಸಂಶೋಧಕನು ಹೊರಬರುವಾಗ ಥಿಯೇಟರಿನ ಗೇಟಿನ ಹತ್ತಿರ ಹುಡುಗರ ಗುಂಪೊಂದು ಆ ಚಿತ್ರದ ಇಂಟರ್ವಲ್ ದೃಶ್ಯ ಮೊದಲನೆಯದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿತ್ತು. ಕೊನೆಗೆ ‘ಜೈ ಬಾಲಯ್ಯ’ ಎಂದು ಕೂಗಿ ರಾಜಿಯಾಗಿ, ಎಲ್ಲರೂ ಒಟ್ಟಿಗೆ ಇರಾನಿ ಚಹಾಕ್ಕೆ ಹೋದರು.