ಮೋರಿ ಕಟ್ಟೆಯ ಸರ್ವೆ ಸಾಹೇಬ

ಪಕ್ಷಿವೀಕ್ಷಣೆ ಎಂದರೆ ಬೆಳಗಿನ ಐದಕ್ಕೇ ಎದ್ದು ಹೆಸರಘಟ್ಟಕ್ಕೋ ಜ್ಞಾನಭಾರತಿಗೋ ಹೊರಡುವ ಟೋಪಿಧಾರಿಗಳ ಹವ್ಯಾಸ. ಐದಕ್ಕೆ ಏಳುವ ಯೋಗ ನನ್ನ ಜಾತಕದಲ್ಲಿಲ್ಲ. ಆದರೆ ಅಮೆರಿಕದ ಭಾವಮೈದ ಕೊಟ್ಟ ದುರ್ಬೀನು ಇದೆ. ಅದನ್ನು ಕೊರಳಿಗೆ ಹಾಕಿಕೊಂಡರೆ ಒಂದು ಕೋನದಿಂದ ಸಲೀಂ ಅಲಿಯವರ ಹಾಗೆ ಕಾಣುತ್ತೇನೆಂದು ನನ್ನ ಅಭಿಪ್ರಾಯ. ಗಡ್ಡವೂ ಇಲ್ಲ, ಜ್ಞಾನವೂ ಇಲ್ಲ ಎಂಬುದು ಹೆಂಡತಿಯದು. ಅಂತೂ ಬಾಪೂಜಿ ನಗರದ ವನ್ಯಸಂಪತ್ತನ್ನೇ ಅಧ್ಯಯನ ಮಾಡುವುದೆಂದು ತೀರ್ಮಾನಿಸಿದೆ.

ನಮ್ಮಲ್ಲೇನು ಕಡಿಮೆಯೇ? ಮಟನ್ ಅಂಗಡಿಯ ಷಟರ್ ಏಳುವ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಹಾಜರಿ ಹಾಕುವ ಹದ್ದುಗಳಿವೆ. ಕಾರಿನ ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರು ಕಡಿಯುವ ಹೆಗ್ಗಣಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಮೈಸೂರು ರಸ್ತೆಯ ಪಕ್ಕದಲ್ಲೇ ವೃಷಭಾವತಿ ಇದ್ದಾಳೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿ. ಗಾಳಿ ಆಂಜನೇಯನಿಗೆ ಪಕ್ಕದಲ್ಲೇ ಕೈಮುಗಿದು (ಜೋರು ಮಳೆಯಲ್ಲಿ ಗುಡಿಯೊಳಕ್ಕೇ ನುಗ್ಗಿ ಮುಗಿದದ್ದೂ ಉಂಟು) ಕೆಂಗೇರಿ, ಬೈರಮಂಗಲ ದಾಟಿ ಅರ್ಕಾವತಿಯನ್ನು ಕೂಡುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಅಂದರೆ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಹೊಡೆದು ತಂದ ಕಾವೇರಿಯನ್ನು ನಾವು ಕುಡಿದು, ಮಿಂದು, ಪಾತ್ರೆ ತೊಳೆದು, ಅವಳಿಗೇ ವಾಪಸು ಕಳಿಸುವ ದಾರಿ ಇದು. ಸಾಲ ತೀರಿಸುವ ರೀತಿ ಮಾತ್ರ ಸಾಹುಕಾರನಿಗೆ ಮೆಚ್ಚುಗೆಯಾಗುವಂಥದ್ದಲ್ಲ.

ಒಂದು ಭಾನುವಾರ, ಸಭ್ಯರೆಲ್ಲ ತಿಂಡಿ ತಿನ್ನುವ ಹೊತ್ತಿಗೆ, ಮೋರಿ ಕಟ್ಟೆಯ ಮೇಲೆ ನಿಂತು ದುರ್ಬೀನು ಏರಿಸಿದೆ. ಕಪ್ಪು ನೀರಿನಲ್ಲಿ ತೆಳ್ಳನೆಯ ಗುಲಾಬಿ ಕಾಲುಗಳು! ಮೆಟ್ಟುಗಾಲು ಹಕ್ಕಿ. ಒಂದು ಕಾಲನ್ನು ನಿಧಾನವಾಗಿ ಎತ್ತಿತು, ನೊರೆ ಕೊಡವಿತು, ಥರ್ಮಾಕೋಲ್ ತುಂಡೊಂದನ್ನು ಪಕ್ಕಕ್ಕೆ ಬಿಟ್ಟು ಶಾಂಪೂ ಪೊಟ್ಟಣದ ಆಚೆ ಆ ಕಾಲಿಟ್ಟಿತು. ಮದುವೆಮನೆಯ ಅಂಗಳದಲ್ಲಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುವ ಹೆಂಗಸಿನ ಬಿಂಕ. ನಾನು ಮೂಗು ಮುಚ್ಚಿದ್ದ ಕೈಯನ್ನೂ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬರೆದದ್ದೇ ತಪ್ಪಾಯಿತು.

"ಕ್ಯಾ ದೇಖ್‌ರೈಂ ಸಾಬ್?" ಎಂದು ಬೆನ್ನ ಹಿಂದೆ ವೆಲ್ಡಿಂಗ್ ಅಂಗಡಿಯ ಭಾಯ್.

"ಹಕ್ಕಿ," ಎಂದೆ.

ಅವರು ನೀರು ನೋಡಿದರು, ನನ್ನನ್ನು ನೋಡಿದರು, ನೋಟ್‌ಬುಕ್ ನೋಡಿದರು. ಬೀದಿಯ ಕಡೆ ತಿರುಗಿ, "ಸರ್ವೇಕೆ ಲೋಗಾಂ ಆಯೇ!" ಎಂದು ಸಾರಿದರು.

ನಮ್ಮ ಬೀದಿಯಲ್ಲಿ ಕನ್ನಡದಲ್ಲಿ ಹೊರಟ ವಾಕ್ಯ ದಖ್ಖನಿಯಲ್ಲಿ ಮನೆ ಸೇರುತ್ತದೆ, ಮಧ್ಯೆ ತಮಿಳಿನಲ್ಲಿ ಚಹಾ ಕುಡಿಯುತ್ತದೆ. ಸುದ್ದಿ ಮೂರೂ ಭಾಷೆಯಲ್ಲಿ ಏಕಕಾಲಕ್ಕೆ ಓಡಿತು. ಹೂವಿನಮ್ಮ ಬುಟ್ಟಿ ಬಿಟ್ಟು ಬಂದರು. ಬೇಕರಿಯ ಹುಡುಗ ಕೈಯಲ್ಲಿ ಬನ್ನು ಹಿಡಿದೇ ಬಂದ. "ಎಷ್ಟು ಅಡಿ ಹೋಗುತ್ತೆ ಸಾರ್?" "ಹಮಾರಾ ಕಿತ್ತಾ ಜಾತಾ?" "ಎಡಗಡೆಯದು ಮಾತ್ರ ತಾನೆ?"

ನಾನು ಇಲ್ಲ, ಇಲ್ಲ ಎನ್ನಬೇಕಿತ್ತು. ಆದರೆ ಓದುಗರೇ, ಮನೆಯಲ್ಲಿ ಟಿವಿ ರಿಮೋಟೂ ಕೈಗೆ ಸಿಗದ ಮನುಷ್ಯನಿಗೆ ಇಪ್ಪತ್ತು ಮಂದಿ ಒಟ್ಟಿಗೆ "ಸಾರ್" ಎಂದರೆ ಏನಾಗುತ್ತದೆ ಗೊತ್ತೆ? ಬೆನ್ನು ತಾನಾಗಿ ನೆಟ್ಟಗಾಯಿತು. ದುರ್ಬೀನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಗಂಭೀರವಾಗಿ "ಹೂಂ" ಎಂದೆ. ಬಲಗಡೆಯವರ ಮುಖ ಬಿಳಿಚಿತು. ಪಾಪವೆನಿಸಿ ಎಡಕ್ಕೆ ತಿರುಗಿ ಇನ್ನೊಂದು "ಹೂಂ" ಕೊಟ್ಟೆ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದರು. ಬನ್ನು ನನ್ನ ಕೈಗೆ ಬಂತು. ಖಾರದ ಬನ್ನು, ಬಿಸಿ ಇತ್ತು, ಸುಳ್ಳೇಕೆ ಹೇಳಲಿ. "ಬೀದಿ ದೀಪ ಉರಿಯೋದಿಲ್ಲ, ಅದನ್ನೂ ಬರ್ಕೊಳಿ" ಎಂದರೊಬ್ಬರು. ಬರೆದುಕೊಂಡೆ. ಗೋವಕ್ಕಿ ಎರಡು, ಕೊಳದ ಬಕ ಒಂದು, ಉರಿಯದ ದೀಪ ಮೂರು.

ನಗುತ್ತೀರಿ. ಆದರೆ ಅವರ ದಿಗಿಲು ಹುಚ್ಚಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ ಮುಖ್ಯ ರಾಜಕಾಲುವೆಯ ಅಂಚಿನಿಂದ 50 ಮೀಟರ್ ಕಟ್ಟಡ ಕೂಡದೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಡುವಿನ ವರ್ಷಗಳಲ್ಲಿ ಟೇಪು ಹಿಡಿದವನೆಲ್ಲ ಯಮನೇ. ದೊಡ್ಡ ದೊಡ್ಡ ಕಾಂಪ್ಲೆಕ್ಸಿನವರು ವಕೀಲರನ್ನು ಇಟ್ಟುಕೊಂಡಿರುತ್ತಾರೆ, ಅವರಿಗೆ ದುರ್ಬೀನು ಕಂಡರೆ ದಿಗಿಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈಯುರಿಯುತ್ತದೆ.

ಗುಂಪು ಸೀಳಿಕೊಂಡು ಬಂದ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರು ಬಿಚ್ಚಿದರು. ಖಾತಾ, ಕಂದಾಯದ ರಸೀದಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು. ಎಲ್ಲದಕ್ಕೂ ಜೆರಾಕ್ಸ್, ಮಡಿಕೆಯಲ್ಲಿ ಸವೆದದ್ದಕ್ಕೆ ಸೆಲ್ಲೋಟೇಪು. ಬನ್ನು ಗಂಟಲಲ್ಲಿ ನಿಂತಿತು. ಎದ್ದು ನಿಂತೆ.

"ಅಮ್ಮಾ, ದೇವರಾಣೆಗೂ ನಾನು ಸರ್ಕಾರದವನಲ್ಲ. ಹಿಂದಿನ ಕ್ರಾಸಿನಲ್ಲೇ ಮನೆ. ಹಕ್ಕಿ ನೋಡೋಕೆ ಬಂದೆ."

"ಹಕ್ಕಿ ನೋಡೋರು ಯಾರಾದ್ರೂ ಈ ಗಬ್ಬಿಗೆ ಬರ್ತಾರೇನಪ್ಪ?" ಎಂದರು ಅಜ್ಜಿ, ಸಮಾಧಾನವಾಗಿಯೇ.

ದುರ್ಬೀನು ಅವರ ಕಣ್ಣಿಗೆ ಹಿಡಿದೆ. ಅಜ್ಜಿ ಬಹಳ ಹೊತ್ತು ನೋಡಿದರು. "ಹೌ, ಬಗ್ಲಾ ಹೈ," ಎಂದು ಭಾಯ್‌ಗೆ ವರದಿ ಒಪ್ಪಿಸಿ, ದುರ್ಬೀನು ವಾಪಸು ಕೊಟ್ಟು, ಖಾತಾದ ಜೆರಾಕ್ಸನ್ನು ನನ್ನ ನೋಟ್‌ಬುಕ್ಕಿನ ಮೇಲಿಟ್ಟರು. "ಇರಲಿ, ಯಾವುದಕ್ಕೂ ನಮ್ಮ ಮನೆ ನಂಬರೂ ಬರ್ಕೊ."

ಬರೆದುಕೊಂಡೆ, ಕೊಳದ ಬಕದ ಕೆಳಗಿನ ಸಾಲಿನಲ್ಲಿ.