ಒಂದು ಸೌಟು ಕಮ್ಮಿ

ಗೃಹಪ್ರವೇಶಕ್ಕೆ ಶಾಮಿಯಾನದ ಅಂಗಡಿಯಿಂದ ಪಾತ್ರೆ ತರಿಸುವಾಗ ಯಾರೂ ಎಣಿಸುವುದಿಲ್ಲ. ‘ಎಲ್ಲಾ ಸರಿಯಾಗಿದೆ ಸಾರ್’ ಎಂದು ಟೆಂಪೋ ಹುಡುಗ ದಡಬಡ ಇಳಿಸಿ ಹೋಗುತ್ತಾನೆ. ವಾಪಸು ಕೊಡುವಾಗ ಮಾತ್ರ ಅಂಗಡಿಯ ಯಜಮಾನರು ಕನ್ನಡಕ ಏರಿಸಿ, ಚೀಟಿ ಹಿಡಿದು ಕೂರುತ್ತಾರೆ. ಹಂಡೆ, ಕೊಳದಪ್ಪಲೆ, ಜಾಲರಿ ಎಲ್ಲಾ ಪಾಸು. ಸೌಟು ಒಂದು ಕಮ್ಮಿ! ಅನ್ನದ ಬೇಸಿನ್ನಿನ ಅಂಚಲ್ಲಿ ಕೆತ್ತಿರುವುದು ಪಕ್ಕದ ಬೀದಿಯ ಅಂಗಡಿಯ ಹೆಸರು. ಅದರ ಬಗ್ಗೆ ಮಾತ್ರ ತುಟಿಪಿಟಕ್ಕೆನ್ನುವುದಿಲ್ಲ. ಕುರ್ಚಿಯ ಕಾಲು ಮೊದಲೇ ಮುರಿದಿತ್ತೆಂದರೆ ಹೈಕೋರ್ಟಾದರೂ ನಂಬೀತು, ಇವರು ನಂಬರು. ತಳದ ಮಸಿ ಹೋಗದಿದ್ದರೆ ತೊಳೆಯುವ ಕೂಲಿ ಬೇರೆ. ಎಲ್ಲಾ ಮುರಿದುಕೊಂಡು ಅಡ್ವಾನ್ಸಿನಲ್ಲಿ ಉಳಿದ ಚಿಲ್ಲರೆ ಕೈಗೆ ಬೀಳುವಷ್ಟರಲ್ಲಿ ಅಡುಗೆ ಭಟ್ಟರ ಫೋನು: ‘ನಿಮ್ಮ ಸೌಟು ನಮ್ಮ ಚೀಲದಲ್ಲಿ ಬಂದ್ಬಿಟ್ಟಿದೆ, ಮಗಳ ಮದುವೆಗೆ ಕರೀರಿ, ತರ್ತೀನಿ!’