ಫ್ಲಶಾಭಾವ ಪ್ರಕರಣ

ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳಲ್ಲಿ ಮನೆಯ ಫ್ಲಶ್ ಯಾಕೆ ಕೈಕೊಡುತ್ತದೆ ಎಂಬುದನ್ನು ಶಾಸ್ತ್ರೋಕ್ತವಾಗಿ ವಿಂಗಡಿಸುವ ಕೆಲಸ ಹಾಗೇ ಬಾಕಿ ಬಿದ್ದಿದೆ. ಪ್ಲಂಬರುಗಳಿಗೆ ಪುರುಸೊತ್ತಿಲ್ಲ, ಪಂಡಿತರಿಗೆ ಮನಸ್ಸಿಲ್ಲ. ಮನೆಯವರಂತೂ ಸಕಲ ದೋಷಕ್ಕೂ ಒಂದೇ ಪರಿಹಾರ ಕಂಡುಕೊಂಡಿದ್ದಾರೆ: ಬಟನ್ನನ್ನು ಇನ್ನೊಂದು ಸಲ, ಹಲ್ಲು ಕಚ್ಚಿ ಒತ್ತುವುದು. ಈ ಪ್ರಕರಣದ ಸಿದ್ಧಾಂತ ಬೇರೆ. ಬಟನ್ ಬಹುಮಟ್ಟಿಗೆ ನಿರಪರಾಧಿ. ದೋಷ ಅದಕ್ಕಿಂತ ಮೇಲಿರುತ್ತದೆ, ಇಲ್ಲವೇ ಕೆಳಗಿರುತ್ತದೆ.

ಮೇಲೋ ಕೆಳಗೋ ಎಂದು ತೀರ್ಮಾನಿಸಲು ಬಕೆಟ್ಟೇ ಪ್ರಮಾಣ. ಆರೇಳು ಲೀಟರ್ ನೀರನ್ನು ಒಂದೇ ರಭಸಕ್ಕೆ ಕಮೋಡಿಗೆ ಸುರಿಯಬೇಕು. ಸರ್ರನೆ ಇಳಿದರೆ ಪೈಪು, ಗುಂಡಿ ಎಲ್ಲ ನೆಟ್ಟಗಿವೆ, ರೋಗ ಟ್ಯಾಂಕಿನದು. ನೀರು ಏರಿ ಅಂಚಿಗೆ ಬಂದು ಅಲ್ಲೇ ಯೋಚಿಸುತ್ತ ನಿಂತರೆ ರೋಗ ಕೆಳಗಿನದು. ಆಗ ಎರಡನೆಯ ಬಕೆಟ್ ಎತ್ತುವ ಉತ್ಸಾಹವನ್ನು ಬಿಡುವುದು ಕ್ಷೇಮ.

ಮೇಲಿನ ರೋಗವೆಂದರೆ ನೀರಿನ ಅಭಾವ. ಅನ್ನಂಭಟ್ಟನ ತರ್ಕಸಂಗ್ರಹದ ಪ್ರಕಾರ ಅಭಾವ ನಾಲ್ಕು ಬಗೆ. ಆತ ಮಡಕೆಯನ್ನು ಉದಾಹರಣೆಗೆ ತೆಗೆದುಕೊಂಡ. ಸಿಸ್ಟರ್ನ್ ತೆಗೆದುಕೊಂಡಿದ್ದರೆ ವಿದ್ಯಾರ್ಥಿಗಳಿಗೆ ಬೇಗ ತಲೆಗೆ ಹತ್ತುತ್ತಿತ್ತು.

ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ತುಮಕೂರಿನ ಫ್ಲಶ್ಶಿನ ಪೂರ್ವವೃತ್ತಾಂತ ಮೂಡಿಗೆರೆ ಸೀಮೆಯಲ್ಲಿ ಶುರುವಾಗುತ್ತದೆ. ಅಲ್ಲಿ ಹುಟ್ಟುವ ಹೇಮಾವತಿ ಗೊರೂರಿನಲ್ಲಿ ತಂಗಿ, ನಾಲೆ ಹಿಡಿದು ಬುಗುಡನಹಳ್ಳಿ ಕೆರೆಗೆ ಬಂದು, ಸರದಿಯ ಮೇಲೆ ಬೀದಿಗಿಳಿದು, ಸಂಪು ಸೇರಿ, ಮೋಟರಿನ ಬೆನ್ನೇರಿ ಸಿಂಟೆಕ್ಸ್ ಮುಟ್ಟಬೇಕು. ಆಮೇಲೆ ಬಟನ್ನಿನ ಮಾತು. ನಡುವೆ ನೀರುಗಂಟಿ ಯಾರದೋ ಮದುವೆಗೆ ಹೋದರೂ ಸಾಕು, ಕಾರಣಪರಂಪರೆ ಕಡಿಯುತ್ತದೆ. ಇದೇ ನೀರನ್ನು ನೇರ ಕುಣಿಗಲಿಗೆ ಒಯ್ಯಲು ಹೊರಟ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಅಲ್ಲಿನವರಿಗೆ ಬೇಕು, ಗುಬ್ಬಿ ಕಡೆಯವರಿಗೆ ಬೇಡ. 2025ರಲ್ಲಿ ಇದಕ್ಕೇ ಗುಬ್ಬಿ ತಾಲ್ಲೂಕಿನಲ್ಲಿ ಜನ ಬೀದಿಗಿಳಿದರು. ಒಂದು ತಾಲ್ಲೂಕಿನ ಪ್ರಾಗಭಾವ ತೀರಿದರೆ ಪಕ್ಕದ್ದರಲ್ಲಿ ಶುರುವಾಗುತ್ತದೆಂಬ ಭಯ ತಾರ್ಕಿಕರಿಗೆ ಹೊಳೆಯದಿದ್ದರೂ ರೈತರಿಗೆ ಹೊಳೆದಿದೆ.

ಇದ್ದದ್ದು ಹೋಗಿ ಉಂಟಾಗುವುದು ಪ್ರಧ್ವಂಸಾಭಾವ. ಪಂಡಿತರು ಹೆಚ್ಚು ಕಾಲ ಕಳೆಯಬೇಕಾದ್ದು ಇಲ್ಲಿ. ರಾತ್ರಿ ಮಲಗುವಾಗ ಟ್ಯಾಂಕಿನಲ್ಲಿ ನೀರಿತ್ತು, ಬೆಳಗ್ಗೆ ಇಲ್ಲ. ಕದ್ದವರು ಯಾರೂ ಇಲ್ಲ. ಟ್ಯಾಂಕಿನ ತಳದಲ್ಲಿ ನೀರು ಬಿಡುವ ಬಾಯಿಗೆ ಒಂದು ರಬ್ಬರ್ ವಾಷರ್ ಇದೆ. ಬೋರ್‌ವೆಲ್ ನೀರಿನ ಸುಣ್ಣ ಅದರ ಅಂಚಿಗೆ ಹರಳುಗಟ್ಟಿದರೆ, ಇಲ್ಲವೇ ರಬ್ಬರು ಸೊಟ್ಟಗಾದರೆ, ಬಾಯಿ ಪೂರ್ತಿ ಮುಚ್ಚುವುದಿಲ್ಲ. ಕಮೋಡಿನ ಹಿಂಬದಿಯಲ್ಲಿ ನೂಲಿನಷ್ಟು ನೀರು ಸದ್ದಿಲ್ಲದೆ ಇಳಿಯುತ್ತಿರುತ್ತದೆ; ಬಿಳಿ ಪಿಂಗಾಣಿಯ ಮೇಲೆ ಅದು ಕಾಣುವುದೂ ಇಲ್ಲ. ಪರೀಕ್ಷೆ ಸುಲಭ. ಟ್ಯಾಂಕಿಗೆ ನಾಲ್ಕು ಹನಿ ಉಜಾಲ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ಬಾಗಿಲು ಕಾಯಿರಿ. ಕಮೋಡಿನ ನೀರು ನೀಲಿಯಾದರೆ ವಾಷರಿನ ಅಪರಾಧ ಸಾಬೀತು. ಕೂಡು ಕುಟುಂಬದಲ್ಲಿ ಈ ಅರ್ಧ ಗಂಟೆಯೇ ಕಷ್ಟ. ಇದರ ದಾಯಾದಿ ರೋಗವೂ ಒಂದಿದೆ. ಫ್ಲೋಟನ್ನು ಅತಿ ಎತ್ತರಕ್ಕೆ ತಿರುಗಿಸಿದರೆ ನೀರು ನಡುವಿನ ಓವರ್‌ಫ್ಲೋ ಕೊಳವೆಯಲ್ಲಿ ಹಗಲೂ ರಾತ್ರಿ ಇಳಿಯುತ್ತದೆ. ಫ್ಲಶ್ ಚೆನ್ನಾಗಿಯೇ ಇರುತ್ತದೆ, ಸಿಂಟೆಕ್ಸ್ ಮಾತ್ರ ಬತ್ತುತ್ತದೆ. ಬೈಗುಳ ಕೆಳಗಿನ ಬಾಡಿಗೆಯವರಿಗೆ ಬೀಳುತ್ತದೆ.

ಎಂದೂ ಇಲ್ಲದಿರುವುದು ಅತ್ಯಂತಾಭಾವ. ಗೃಹಪ್ರವೇಶದ ಹೊತ್ತಿಗೆ ಕೂರಿಸಿ, ಪೈಪ್ ಕೊಡದೆ ಬಿಟ್ಟ ಸಿಸ್ಟರ್ನ್ ಇದಕ್ಕೆ ಸೇರಿದ್ದು. ಅದರ ಮುಚ್ಚಳದ ಮೇಲೆ ಫಿನಾಯಿಲ್ ಬಾಟಲಿ ಇರುತ್ತದೆ.

ನಾಲ್ಕನೆಯದು ಅನ್ಯೋನ್ಯಾಭಾವ: ನೀರಿದ್ದಾಗ ಕರೆಂಟಿಲ್ಲ, ಕರೆಂಟಿದ್ದಾಗ ನೀರಿಲ್ಲ. ಇದು ಆ ಪದದ ಶಾಸ್ತ್ರೀಯ ಅರ್ಥವಲ್ಲವೆಂದು ತಾರ್ಕಿಕರು ತಕರಾರು ತೆಗೆಯಬಹುದು. ಅವರ ಮನೆಯಲ್ಲಿ ಯುಪಿಎಸ್ ಇರಬೇಕು.

ತರ್ಕಶಾಸ್ತ್ರ ಬಿಟ್ಟ ಐದನೆಯದೊಂದನ್ನು ನಾವೇ ಸೇರಿಸಬೇಕಾಗಿದೆ: ಅಲ್ಪತ್ವ. ನೀರಿದೆ, ಸಾಲದು. ಆ್ಯಂಗಲ್ ಕಾಕ್ ಅರ್ಧ ಮುಚ್ಚಿದ್ದರೆ ಮೊದಲು ಹೋದವರಿಗೆ ಪೂರ್ಣಾನುಗ್ರಹ, ಹಿಂದೆಯೇ ಹೋದವರಿಗೆ ಬಕೆಟ್. ನೀರು ಉಳಿಸಲೆಂದು ಟ್ಯಾಂಕಿನೊಳಗೆ ಬಾಟಲಿ ಇಟ್ಟ ಪುಣ್ಯಾತ್ಮರು ಮೂರು ಸಲ ಫ್ಲಶ್ ಮಾಡಿ ಆ ಪುಣ್ಯವನ್ನು ಕಳೆದುಕೊಳ್ಳುತ್ತಾರೆ. ಎರಡು ಬಟನ್ನಿನ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಚಿಕ್ಕದಕ್ಕೆ 3 ಲೀಟರ್, ದೊಡ್ಡದಕ್ಕೆ 6. ಚಿಕ್ಕದನ್ನು ಒತ್ತಿ ದೊಡ್ಡ ಕೆಲಸ ನಿರೀಕ್ಷಿಸುವವರು ಪ್ಲಂಬರನ್ನು ಕರೆಯಬಾರದು.

ಗೋಡೆಯ ಮೇಲೆ ಸರಪಳಿ ನೇತಾಡುವ ಹಳೆಯ ಬೀಡು ಕಬ್ಬಿಣದ ಟ್ಯಾಂಕಿಗೆ ಬೇರೆಯೇ ಗೌರವ ಸಲ್ಲಬೇಕು. ಅದು ನಡೆಯುವುದು ಸೈಫನ್ ತತ್ವದ ಮೇಲೆ. ಕುಣಿಗಲ್ ತಾಲ್ಲೂಕಿನವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಅಲ್ಲಿನ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ಭರ್ತಿಯಾದಾಗ ಸೈಫನ್‌ಗಳು ಯಾವ ಎಂಜಿನಿಯರ್ ಅಪ್ಪಣೆಗೂ ಕಾಯದೆ ನೀರನ್ನು ತಾವೇ ಎಳೆದು ಹೊರಹಾಕುತ್ತವೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಮನೆಯಲ್ಲೂ ನಡೆಯುವುದು ಇದೇ. ಸರಪಳಿ ಎಳೆದಾಗ ಒಳಗಿನ ಗಂಟೆ ಎದ್ದು ಬಿದ್ದು ಒಂದಿಷ್ಟು ನೀರನ್ನು ನಡುವಿನ ಕೊಳವೆ ದಾಟಿಸುತ್ತದೆ. ಉಳಿದ ನೀರು ಅದರ ಬಾಲ ಹಿಡಿದು ಬರುತ್ತದೆ, ಗಾಳಿ ಒಳಹೊಕ್ಕಾಗ ನಿಲ್ಲುತ್ತದೆ. ಗಂಟೆ ತುಕ್ಕು ಹಿಡಿದು ತೂತಾಗಿದ್ದರೆ ಗಾಳಿ ಮೊದಲೇ ನುಗ್ಗುತ್ತದೆ. ನೀರಿನ ಮಟ್ಟ ಕಡಿಮೆಯಿದ್ದರೆ ಎಳೆತ ಶುರುವೇ ಆಗುವುದಿಲ್ಲ, ಸರಪಳಿ ‘ಗಕ್ಕ್’ ಅಂದು ಸುಮ್ಮನಾಗುತ್ತದೆ. ಫ್ಲೋಟಿನ ಹಿತ್ತಾಳೆ ಕಡ್ಡಿಯನ್ನು ಒಂಚೂರು ಮೇಲಕ್ಕೆ ಬಗ್ಗಿಸಿದರೆ ಮಟ್ಟ ಏರುತ್ತದೆ. ಇದನ್ನು ಬಲ್ಲ ಅಜ್ಜಂದಿರು ಈಗ ಕಡಿಮೆ.

ಟ್ಯಾಂಕ್ ತುಂಬಿದೆ, ಬಕೆಟ್ ಪರೀಕ್ಷೆಯೂ ಪಾಸು, ಆದರೂ ಫ್ಲಶ್ ಸೋಮಾರಿ. ಹಾಗಿದ್ದರೆ ಕಮೋಡಿನ ಅಂಚಿನಡಿಯ ತೂತುಗಳನ್ನು ಕನ್ನಡಿ ಹಿಡಿದು ನೋಡಬೇಕು. ಗಡಸು ನೀರಿನ ಸುಣ್ಣ ಅವನ್ನು ಒಂದೊಂದಾಗಿ ಮುಚ್ಚಿರುತ್ತದೆ. ತಂತಿ, ವಿನೆಗರ್, ತಾಳ್ಮೆ ಇದಕ್ಕೆ ಮದ್ದು. ಬೀದಿಯಲ್ಲಿ ಮಾರುವ ಆ್ಯಸಿಡ್ ಸುಣ್ಣವನ್ನೇನೋ ಬುಸುಬುಸು ಕರಗಿಸುತ್ತದೆ. ಆದರೆ ಅದರ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಹೊರಡುವುದು ಕ್ಲೋರಿನ್ ಗಾಳಿ. ಇದರಲ್ಲಿ ಪ್ರಯೋಗ ಬೇಡ.

ಈಗ ಅಧೋಲೋಕ. ಕಮೋಡಿನ ಕೆಳಗಿನ ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಕಮಿಂಗ್ ಕಸುಬಿನಲ್ಲಿ ಗಡಿಯಾರದವನು. ಅಲ್ಲಿ ನಿಂತ ನೀರು ನಾತವನ್ನು ತಡೆಯಲಿ ಎಂದು ಅವನ ಎಣಿಕೆ. ನಮ್ಮಲ್ಲಿ ಅದು ಬಾಚಣಿಗೆ, ಶಾಂಪೂ ಸ್ಯಾಶೆ, ಪಾತ್ರೆ ಉಜ್ಜುವ ತೆಂಗಿನ ನಾರನ್ನೂ ತಡೆಯುತ್ತದೆ. ಇನ್ನು ಗಾಳಿಕೊಳವೆ. ಸೊಳ್ಳೆ ಬರುತ್ತದೆಂದು ಅದರ ಬಾಯಿಗೆ ಬಲೆ ಕಟ್ಟುವ ಬದಲು ಪ್ಲಾಸ್ಟಿಕ್ ಬಿಗಿದರೆ, ನೀರು ಗುಳುಗುಳು ಎಂದು ಗೊಣಗುತ್ತ ನಿಧಾನಕ್ಕೆ ಇಳಿಯುತ್ತದೆ.

ಒಳಚರಂಡಿ ಮುಟ್ಟದ ಬಡಾವಣೆ, ತೋಟದ ಮನೆಗಳಲ್ಲಿ ಕೊನೆಯ ಆರೋಪಿ ಗುಂಡಿ. ಮಳೆ ಹಿಡಿದು ಸುತ್ತಲ ಮಣ್ಣು ನೆನೆದಾಗ ಗುಂಡಿಯ ನೀರು ಇಂಗುವುದಿಲ್ಲ. ಗುಬ್ಬಿಯ ತೋಟಗಳಲ್ಲಿ ತೆಂಗಿನ ಬೇರು ಪೈಪಿನ ಸಂದು ಹುಡುಕಿ ಒಳಗೆ ಬರುತ್ತದೆ. ಆ ಮರದ ಎಳನೀರನ್ನು ಹೊಗಳುವವರು ಕಾರಣ ಕೇಳುವುದಿಲ್ಲ. ಗುಂಡಿ ತುಂಬಿದರೆ ಸಕ್ಕಿಂಗ್ ಮಷಿನ್ ಕರೆಸಬೇಕು. ಇಲ್ಲಿ ಮಾತ್ರ ತಮಾಷೆ ಇಲ್ಲ: ಮನುಷ್ಯರನ್ನು ಅದರೊಳಗೆ ಇಳಿಸುವುದು 2013ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ, ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ.

ವಿಂಗಡಣೆಗೆ ಸಿಗದೆ ಉಳಿದದ್ದು ಒಂದೇ. ಮೇಲ್ಬೀದಿಯವರು ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಯ (ಯುಜಿಡಿ) ಚೇಂಬರಿಗೆ ಬಿಟ್ಟಿರುತ್ತಾರೆ. ಜೋರು ಮಳೆಗೆ ಲೈನ್ ತುಂಬಿ, ನೀರು ತಗ್ಗಿನ ಮನೆಯ ಕಮೋಡಿನಲ್ಲಿ ಮೇಲೇಳುತ್ತದೆ. ಇದು ಅಭಾವವಲ್ಲ, ಅಲ್ಪತ್ವವಂತೂ ಅಲ್ಲ. ಯಾವ ಅಧ್ಯಾಯಕ್ಕೆ ಸೇರಿಸಬೇಕೆಂದು ಪಂಡಿತರು ಇನ್ನೂ ಚರ್ಚಿಸಲಿ; ತಗ್ಗಿನ ಮನೆಯವರು ಸದ್ಯಕ್ಕೆ ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ರುಬ್ಬುಗುಂಡು ಇಟ್ಟಿದ್ದಾರೆ.